ಗೋದಲಿಯ ರಾಗಿ ಪೈರು

ಕೋಲಾರದ ನಮ್ಮ ಮನೆಯಲ್ಲಿ ಕ್ರಿಸ್ಮಸ್‌ಗೆ ಕಟ್ಟುವ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರದ, ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸುವುದಿಲ್ಲ, ತಟ್ಟೆಯಲ್ಲಿ ರಾಗಿ ಬಿತ್ತುತ್ತೇವೆ. ಅಮ್ಮನಿಂದ ಬಂದ ರೂಢಿ ಇದು.

ಮದುವೆಯಾಗಿ ಬೇರೆ ಮನೆ ಮಾಡಿದ ಮೊದಲ ವರ್ಷ ನಾನು ಕ್ರಿಸ್ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರವೇ ಬಿತ್ತಿಬಿಟ್ಟೆ. ಕೋಣೆಯ ಮೂಲೆಯಲ್ಲಿ ಬಿಸಿಲು ಕಾಣದೆ ಪೈರು ಉದ್ದಕ್ಕೆ ಎಳೆದುಕೊಂಡು, ಹಳದಿ ತಿರುಗಿ, ಹಬ್ಬದ ಹೊತ್ತಿಗೆ ಕುರುಬರ ಬೊಂಬೆಗಳ ಮೇಲೆ ಮಲಗಿತ್ತು. ತುಂಬ ನೊಂದುಕೊಂಡೆ. ಆಗಮನ ಕಾಲ ಕಾಯುವ ಕಾಲ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ನನಗೆ, ಆ ಮಾತಿನ ಅರ್ಥ ಮೊದಲು ತಿಳಿಸಿದ್ದು ಆ ತಟ್ಟೆ.

ಈಗ ಡಿಸೆಂಬರ್ 13ಕ್ಕೆ, ಸಂತ ಲೂಸಿಯ ಹಬ್ಬದಂದು ಬಿತ್ತುತ್ತೇನೆ. 304ರ ಸುಮಾರಿಗೆ ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಯಾದ ಹುಡುಗಿ ಆಕೆ, ಹೆಸರಿನಲ್ಲೇ ಬೆಳಕಿದೆ. ಹಂಗೇರಿ, ಕ್ರೊಯೇಷಿಯಾ ಕಡೆ ಅದೇ ದಿನ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ನಮ್ಮ ರಾಗಿಗೂ ಆ ದಿನ ಸರಿಯಾಗಿ ಒದಗುತ್ತದೆ.

12ರ ಬೆಳಿಗ್ಗೆ ಒಂದು ಹಿಡಿ ರಾಗಿ ನೆನೆಹಾಕಿ, ರಾತ್ರಿ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ, ಮಕ್ಕಳಿಗೆ ಸರಿಹಿಟ್ಟಿಗೆ ಮೊಳಕೆ ಕಟ್ಟುವ ಹಾಗೆಯೇ. ಮಾರನೆಯ ಸಂಜೆ ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಕೆಮ್ಮಣ್ಣು, ಹಳೇ ಸಗಣಿ ಗೊಬ್ಬರ ಬೆರೆಸಿ ಹರಡಿ, ಕಾಳನ್ನು ಒತ್ತಾಗಿ ಉದುರಿಸಿ, ಮೇಲೆ ಒದ್ದೆ ಗೋಣಿತಟ್ಟು ಮುಚ್ಚುವುದು. ನೀರು ಸುರಿಯಬಾರದು. ರಾಗಿ ಸಣ್ಣ ಕಾಳು, ಎಲ್ಲ ಕೊಚ್ಚಿಕೊಂಡು ಒಂದು ಮೂಲೆ ಸೇರುತ್ತದೆ, ಕೈಯಿಂದ ಚಿಮುಕಿಸಬೇಕು. ಮೊಳಕೆ ತಲೆಯೆತ್ತಿದ ದಿನವೇ ಗೋಣಿ ತೆಗೆದು ಬಿಸಿಲಿಗಿಡಬೇಕು. ರಾತ್ರಿ ಚಳಿಗೆ ಒಳಗೆ, ಒಲೆಯ ಹತ್ತಿರ.

ಬಿತ್ತನೆಗೆ ಮುಂಚೆ ಒಂದು ದಿನವಿದೆ, ನನಗೆ ಅದು ಎಲ್ಲಕ್ಕಿಂತ ಹತ್ತಿರ. ಡಿಸೆಂಬರ್ 4, ಸಂತ ಬಾರ್ಬರಳ ದಿನ. ಆಕೆ ಗಣಿ ಕಾರ್ಮಿಕರ ಪಾಲಕ ಸಂತಳು. ಚರಿತ್ರೆಯ ಆಧಾರ ಸಾಲದೆಂದು 1969ರಲ್ಲಿ ಆಕೆಯ ಹೆಸರನ್ನು ಕ್ಯಾಥೊಲಿಕ್ ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ತೆಗೆದರು, ಆದರೆ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಇನ್ನೂ ಇದ್ದಾಳೆ. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದು ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. 2001ರಲ್ಲಿ ಗಣಿ ಮುಚ್ಚಿತು. ಅಪ್ಪ ಶಿಫ್ಟಿಗೆ ಹೋದಾಗಲೆಲ್ಲ ಅಮ್ಮ ಜಪಸರ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದಳು. ಬರುವುದು ಖಚಿತವಿಲ್ಲದವರಿಗಾಗಿ ಕಾಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ 4ರ ಸಂಜೆ ಖಾಲಿ ತಟ್ಟೆಯ ಮುಂದೆ ಒಂದು ಮೇಣದ ಬತ್ತಿ ಹಚ್ಚಿ, ಗಣಿಯಿಂದ ಮೇಲೆ ಬಾರದೇ ಹೋದವರಿಗಾಗಿ ಪ್ರಾರ್ಥಿಸುತ್ತೇವೆ.

17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ ಬರುವ, ಯೇಸುವನ್ನು ಬಾ ಎಂದು ಕರೆಯುವ ಏಳು ಕರೆಗಳನ್ನು ದಿನಕ್ಕೊಂದರಂತೆ ಮಕ್ಕಳಿಂದ ಓದಿಸುತ್ತೇನೆ. 19ರ ಕರೆ 'ಜೆಸ್ಸೆಯ ಬೇರೇ' ಎಂದು. ಜೆಸ್ಸೆ ಎಂದರೆ ದಾವೀದ ಅರಸನ ತಂದೆ, ಯೇಸು ಆ ವಂಶದವರು. ಅಂದು ಅಂಚಿನ ಒಂದು ಪೈರನ್ನು ಮೆಲ್ಲಗೆ ಕಿತ್ತು ಅಂಗೈಯಲ್ಲಿಟ್ಟು ತೋರಿಸುತ್ತೇನೆ. ಮೇಲಿನ ಹಸಿರಿಗಿಂತ ಬಿಳಿ ಬೇರೇ ಉದ್ದ. ಕಳೆದ ವರ್ಷ ಚಿಕ್ಕವಳು, "ಅಮ್ಮಾ, ನಾವು ನೋಡದೇ ಇದ್ದಾಗ ಇದು ಬೆಳೀತಿತ್ತಾ?" ಎಂದಳು. ನಾನು ಆ ಪೈರನ್ನು ಮತ್ತೆ ನೆಟ್ಟೆ.

1223ರಲ್ಲಿ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಗೆ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನೇ ತರಿಸಿದ್ದರು. ನಮ್ಮ ಗೋದಲಿಯಲ್ಲೂ ಒಣ ರಾಗಿಹುಲ್ಲಿದೆ. ಮಕ್ಕಳು ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಎಳೆ. ಬಾಲಯೇಸುವಿನ ಪ್ರತಿಮೆ 24ರ ರಾತ್ರಿಯವರೆಗೂ ಬೀರುವಿನಲ್ಲೇ. ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ (ಮಾಸ್) ಮುಗಿಸಿ ಬಂದು, ನಿದ್ದೆಗಣ್ಣಿನ ಮಕ್ಕಳೇ ಅದನ್ನು ಎತ್ತಿ ತಂದು ಮಲಗಿಸುತ್ತಾರೆ. ಆಗ ಪೈರು ಮೂರು ಬೆರಳೆತ್ತರ ಇರುತ್ತದೆ.

ಜನವರಿಯಲ್ಲಿ, ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬ ಕಳೆದ ಮೇಲೆ ಹುಲ್ಲು, ಪೈರು ಎರಡನ್ನೂ ಪಕ್ಕದ ಮನೆಯ ಅಕ್ಕನ ಹಸುವಿಗೆ ಹಾಕುತ್ತೇವೆ. ತಟ್ಟೆ ತೊಳೆದು ಅಟ್ಟಕ್ಕೆ.