ಒಣ ನೆಲದಲ್ಲಿ ಫಿಶ್ ಫೈಂಡರ್ ಹೊತ್ತು ನಡೆದೆ

ಹೋದ ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಬ್ಯಾಟರಿ ಬೆನ್ನಿಗೆ ಕಟ್ಟಿಕೊಂಡು, ಫಿಶ್ ಫೈಂಡರ್ (ನೀರಿನಡಿ ಏನಿದೆ ಅಂತ ಸ್ಕ್ರೀನಿನಲ್ಲಿ ತೋರಿಸುವ, ಜಿಪಿಎಸ್ ಇರುವ ಯಂತ್ರ) ಕೈಯಲ್ಲಿ ಹಿಡಿದು, ಬಿರುಕು ಬಿಟ್ಟ ಕೆಸರಿನ ಮೇಲೆ ನಾಲ್ಕು ದಿನ ಓಡಾಡಿದೆ. "ನೀರಿಲ್ದಿರೋ ಕಡೆ ಮೀನು ಹುಡುಕ್ತಾ ಇದೀಯಲ್ಲಪ್ಪಾ" ಅಂತ ದನ ಕಾಯುವವರೂ ನಕ್ಕರು. ಈ ಮಳೆಗಾಲದಲ್ಲಿ ನನ್ನದು ಹರಿದಿದ್ದು ಒಂದೇ ಬಲೆ. ಅದೂ ತೇಲಿ ಬಂದ ಕೊಂಬೆಯಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಶೆಟ್ಟಿಹಳ್ಳಿ ಕಡೆ ನೀರಿನಡಿ ಏನಿದೆ ಅಂತ ನಮಗೆಲ್ಲ ಗೊತ್ತೇ ಇದೆ. ಹಳೇ ಗೋಡೆ, ಮರದ ಬೊಡ್ಡೆ. ಹೇಮಾವತಿಯ ಗೊರೂರು ಅಣೆಕಟ್ಟು ಪೂರ್ತಿ ಮಟ್ಟ 2922 ಅಡಿಗೆ (ಸಮುದ್ರ ಮಟ್ಟದಿಂದ) ತುಂಬಿದರೆ ಒಂದೂ ಕಾಣುವುದಿಲ್ಲ. ಮೀನು ಇರುವುದೂ ಅಲ್ಲೇ, ಬಲೆ ಸಿಕ್ಕಿ ಹರಿಯುವುದೂ ಅಲ್ಲೇ. ಅದರ ಹಿಂದಿನ ವರ್ಷ ಎಂಟೋ ಒಂಬತ್ತೋ ಬಲೆ ಹೋಯಿತು. ಹೆಚ್ಚುಕಡಿಮೆ 15 ಸಾವಿರ ರೂಪಾಯಿ.

ಆಗಲೂ ಬೊಡ್ಡೆ ಸಿಕ್ಕಿದಲ್ಲೆಲ್ಲ ಪಾಯಿಂಟ್ ಹಾಕಿಕೊಳ್ಳುತ್ತಿದ್ದೆ, ಅಂದರೆ ಆ ಜಾಗವನ್ನು ಯಂತ್ರದ ನಕ್ಷೆಯಲ್ಲಿ ಗುರುತು ಮಾಡುತ್ತಿದ್ದೆ. ಆದರೆ ನನ್ನದು 18 ಅಡಿ ದೋಣಿ. ಸ್ಕ್ರೀನ್ ಮುಂದೆ, ತಗಡಿನ ಮಾಡಿನ ಕೆಳಗೆ. ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಹಿಂದೆ. ಜಿಪಿಎಸ್ ಆಂಟೆನಾ ಸ್ಕ್ರೀನಿನ ಒಳಗೇ. ಬೊಡ್ಡೆ ಹಿಂದಿನ ತುದಿಯ ಕೆಳಗೆ ಇದ್ದರೆ ಪಾಯಿಂಟ್ ಬೀಳುತ್ತಿದ್ದದ್ದು ಮುಂದಿನ ತುದಿಯಲ್ಲಿ. ಎದುರು ದಿಕ್ಕಿನಿಂದ ಬಂದು ಬಲೆ ಬಿಟ್ಟರೆ ಆ ತಪ್ಪು ಎರಡರಷ್ಟು. ಅದರ ಮೇಲೆ ತಗಡು ಬೇರೆ ಸಿಗ್ನಲ್ ತಿನ್ನುತ್ತಿತ್ತು.

"ಹೊರಗಿನ ಜಿಪಿಎಸ್ ಆಂಟೆನಾ ಹಾಕಿಸು, ಎಲ್ಲ ಸರಿಹೋಗುತ್ತೆ" ಅಂದರು. ಕೇಬಲ್ಲೂ ಸೇರಿ ಸುಮಾರು 22 ಸಾವಿರ ಸುರಿದೆ. ಮೊದಲ ದಿನ ಏನೂ ಬರಲಿಲ್ಲ. ಕೇಬಲ್ ಸಾಲಿನ ಒಂದು ತುದಿಗೆ ಟರ್ಮಿನೇಟರ್ (ತುದಿಗೆ ಹಾಕುವ ಪ್ಲಗ್) ಹಾಕಿರಲಿಲ್ಲ. ಹಾಕಿದ ಮೇಲೂ ಯಂತ್ರ ಒಳಗಿನ ಆಂಟೆನಾವನ್ನೇ ಓದುತ್ತಿತ್ತು. ಸೆಟ್ಟಿಂಗ್‌ನಲ್ಲಿ ಸೋರ್ಸ್ (ಯಾವ ಆಂಟೆನಾ ಓದಬೇಕು ಅನ್ನುವುದು) ಬದಲಿಸಬೇಕು ಅಂತ ಗೊತ್ತಾಗಲು ಒಂದು ವಾರ. ಸರಿ, ಮಾಡಿನ ಮೇಲೆ ಮುಂದುಗಡೆ ಕೂರಿಸಿದೆ. ಸಿಗ್ನಲ್ ಚೆನ್ನಾಗಿತ್ತು, ಪಾಯಿಂಟ್ ಮಾತ್ರ ಮತ್ತೆ ದೂರವೇ! ದುಡ್ಡು ದಂಡ ಅಂತ ಮನೆಯಲ್ಲಿ ಬೈಸಿಕೊಂಡೆ.

ಕೊನೆಗೆ ಅದನ್ನು ಕಿತ್ತು, ಪಿವಿಸಿ ಪೈಪಿನ ತುದಿಗೆ ಕಟ್ಟಿ, ಟ್ರಾನ್ಸ್‌ಡ್ಯೂಸರ್‌ನ ನೇರ ಮೇಲಕ್ಕೆ ನಿಲ್ಲಿಸಿದೆ. ಆ ಆಂಟೆನಾದೊಳಗೆ ದಿಕ್ಸೂಚಿಯೂ ಇದೆ, ಹಾಗಾಗಿ ಎಂಜಿನ್ನಿನ ಕಬ್ಬಿಣದಿಂದ ದೂರ ಇರಬೇಕು. ಎರಡನ್ನೂ ಹೇಗೆ ಹೊಂದಿಸಿದೆ ಅಂತ ಇಲ್ಲಿ ಹೇಳುವುದಿಲ್ಲ, ದೋಣಿ ಹತ್ತಿರ ಬಂದರೆ ತೋರಿಸ್ತೀನಿ. ಪರೀಕ್ಷೆಗೆ ಹಿನ್ನೀರಿನಲ್ಲಿ ಮುಳುಗುವ ನಮ್ಮ ಶೆಟ್ಟಿಹಳ್ಳಿಯ ಹಳೇ ಚರ್ಚೇ ಇದೆಯಲ್ಲ. ಗೋಡೆಯ ಒಂದು ಮೂಲೆ ಹತ್ತಿರ ಹೋಗಿ ಹಳೇ ಪಾಯಿಂಟ್ ನೋಡುವುದು. ಮೊದಲು 30-40 ಅಡಿ ತಪ್ಪುತ್ತಿತ್ತು, ಈಗ 10 ಅಡಿ ಒಳಗೆ. ಗೋಡೆಗೆ ದೋಣಿ ತಾಗಿಸಬೇಡಿ, ಮೊದಲೇ ಉದುರುತ್ತಿದೆ.

ಹಾಗಾದರೆ ಒಳಗಿನ ಆಂಟೆನಾ ದಂಡವಾ? ಅಲ್ಲ. ಒಣ ನೆಲದಲ್ಲಿ ನಡೆದಾಗ ಕೆಲಸ ಮಾಡಿದ್ದು ಅದೇ. ಟ್ರಾನ್ಸ್‌ಡ್ಯೂಸರ್ ಬಿಚ್ಚಿ, ಶಬ್ದ ಕಳಿಸುವ ಸೋನಾರ್ ಆಫ್ ಮಾಡಿ, ಪ್ರತಿ ಬೊಡ್ಡೆ ಪಕ್ಕ ಒಂದು ನಿಮಿಷ ನಿಂತು ಪಾಯಿಂಟ್ ಒತ್ತಿದೆ. 140ರ ಆಸುಪಾಸು ಆಯಿತು. ನೀರು ಏರಿದರೂ ಇಳಿದರೂ ಆಳ ತಾನೇ ಬದಲಾಗುವುದು? ಬೊಡ್ಡೆ ಎಲ್ಲಿಗೂ ಹೋಗುವುದಿಲ್ಲ. ಖರ್ಚು ಅಂದರೆ ಒಂದು ಜೊತೆ ಚಪ್ಪಲಿ, ಕೆಸರು ನುಂಗಿತು.

ತೆಪ್ಪದವರಿಗೂ ಒಳಗಿನದೇ ಸಾಕು. ಸ್ಕ್ರೀನ್, ಟ್ರಾನ್ಸ್‌ಡ್ಯೂಸರ್ ಎರಡೂ ಕೈಯಳತೆಯಲ್ಲೇ ಇರುತ್ತವೆ, ತಲೆ ಮೇಲೆ ಬರೀ ಆಕಾಶ. ಆದರೆ ತೆಪ್ಪ ತಿರುಗುತ್ತಲೇ ಇರುತ್ತೆ, ಸ್ಕ್ರೀನಿನಲ್ಲಿ ದಿಕ್ಕು ತೋರಿಸುವ ಬಾಣವೂ ಹುಚ್ಚೆದ್ದು ತಿರುಗುತ್ತೆ. ದಿಕ್ಸೂಚಿ ಇರುವ ಆಂಟೆನಾ ಒಂದು ದಿನ ತೆಪ್ಪದಲ್ಲಿಟ್ಟು ನೋಡಿದೆ. ಚೆನ್ನಾಗೇ ಇತ್ತು. ಜೊತೆಗಿದ್ದವನು ಲಂಗರಿನ ಸರಪಳಿ ತಂದು ಪಕ್ಕದಲ್ಲೇ ಹಾಕಿದ. ನಾವು ಗೊರೂರು ಕಡೆ ಮುಖ ಮಾಡಿದ್ದರೆ ಬಾಣ ಸಕಲೇಶಪುರ ತೋರಿಸಿತು.

ನಕ್ಕವರಲ್ಲಿ ಇಬ್ಬರು ಈಗ ಪಾಯಿಂಟ್ ಇರುವ ಮೆಮೊರಿ ಕಾರ್ಡ್ ಕೇಳುತ್ತಿದ್ದಾರೆ. ಬೊಡ್ಡೆಗಳದ್ದು ಕೊಟ್ಟೆ. ಬಾಳೆ ಮೀನು ಸಿಗುವ ಗುಂಡಿಗಳದ್ದು ಅಳಿಸಿಯೇ ಕೊಟ್ಟೆ. ಮುಂದಿನ ಬೇಸಿಗೆಗೆ ಆಚೆ ದಡ ನಡೆಯಬೇಕು. ಈ ಸಲ ಗಮ್ ಬೂಟು ತಗೊಂಡಿದ್ದೇನೆ.