ಎನ್‌ಸಿಎಎ ಮಹಿಳಾ ಬ್ಯಾಸ್ಕೆಟ್‌ಬಾಲ್: ಬ್ರಾಕೆಟ್ ಓದುವುದು, ತುಂಬುವುದು ಹೇಗೆ?

ಮಾರ್ಚ್ ಮಧ್ಯದ ಒಂದು ಭಾನುವಾರ ಅಮೆರಿಕದಲ್ಲಿ 'ಸೆಲೆಕ್ಷನ್ ಸಂಡೇ'. ಅಂದು ಸಂಜೆ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಮಹಿಳಾ ಟೂರ್ನಿಗೆ ಆಯ್ಕೆಯಾದ ಕಾಲೇಜು ತಂಡಗಳ ಹೆಸರು ಹೊರಬೀಳುತ್ತದೆ. ಯಾರಿಗೆ ಯಾರು ಎದುರಾಳಿ ಎಂದು ತೋರಿಸುವ ನಕ್ಷೆಯೂ ಜೊತೆಗೇ ಬರುತ್ತದೆ. ಇದೇ ಬ್ರಾಕೆಟ್. ಇದನ್ನು ತುಂಬುವುದು ಅಭಿಮಾನಿಗಳ ಊಹೆಯ ಆಟ. ಶುಕ್ರವಾರ ಮೊದಲ ಸುತ್ತು ಶುರುವಾಗುವುದರೊಳಗೆ ಎಲ್ಲ ಪಂದ್ಯಗಳ ಗೆಲುವನ್ನೂ ಊಹಿಸಿ ತುಂಬಬೇಕು, ಆಮೇಲೆ ತಿದ್ದಲು ಬರುವುದಿಲ್ಲ. ಪುರುಷರ ಬ್ರಾಕೆಟ್ ತುಂಬಿ ರೂಢಿಯಾದವರು ಅದೇ ಲೆಕ್ಕವನ್ನು ಇಲ್ಲಿಗೂ ತಂದು ಕೈ ಸುಟ್ಟುಕೊಳ್ಳುತ್ತಾರೆ. ಎರಡೂ ನೋಡಲು ಒಂದೇ ಥರ ಇದ್ದರೂ ಒಳಗಿನ ಲೆಕ್ಕ ಬೇರೆ.

ಮೊದಲು ನಕ್ಷೆ ನೋಡೋಣ. 2022ರಿಂದ ಟೂರ್ನಿಗೆ 68 ತಂಡಗಳು. 2025ರಲ್ಲಿ 31 ತಂಡಗಳು ತಮ್ಮ ಕಾನ್ಫರೆನ್ಸ್ (ಕಾಲೇಜುಗಳ ಗುಂಪು ನಡೆಸುವ ಲೀಗ್) ಗೆದ್ದು ನೇರವಾಗಿ ಬಂದವು, ಉಳಿದ 37 ತಂಡಗಳನ್ನು ಎನ್‌ಸಿಎಎ ಆಯ್ಕೆ ಸಮಿತಿ ಆರಿಸಿತು. 8 ತಂಡಗಳು 'ಫಸ್ಟ್ ಫೋರ್' ಎಂಬ ನಾಲ್ಕು ಪಂದ್ಯಗಳನ್ನಾಡಿ ಅರ್ಧಕ್ಕಿಳಿದ ಮೇಲೆ 64 ಉಳಿಯುತ್ತವೆ. ಇವು ನಾಲ್ಕು ವಿಭಾಗಗಳಲ್ಲಿ 16-16ರಂತೆ ಹಂಚಿಹೋಗುತ್ತವೆ. ವಿಭಾಗದೊಳಗೆ ಪ್ರತಿ ತಂಡಕ್ಕೂ 1ರಿಂದ 16ರವರೆಗಿನ ಒಂದು ಸೀಡ್, ಅಂದರೆ ಬಲಕ್ಕೆ ತಕ್ಕ ಕ್ರಮಾಂಕ; 1 ಅತಿ ಬಲಿಷ್ಠ. ಮೊದಲ ಸುತ್ತಿನ ಜೋಡಿ ಮರೆತುಹೋದರೆ ಒಂದು ಸೂತ್ರ ನೆನಪಿಡಿ: ಎರಡೂ ಸೀಡ್ ಕೂಡಿದರೆ 17 ಬರಬೇಕು. 1ಕ್ಕೆ 16, 5ಕ್ಕೆ 12, 8ಕ್ಕೆ 9.

ವಿಭಾಗಗಳ ಹೆಸರು ಹೊಸಬರಿಗೆ ಗೊಂದಲ ತರುತ್ತದೆ. 2023ರಿಂದ ನಾಲ್ಕೂ ವಿಭಾಗಗಳ ಪ್ರಾದೇಶಿಕ ಸುತ್ತು (16 ತಂಡಗಳು ಉಳಿದ ಮೇಲಿನ ಪಂದ್ಯಗಳು) ಎರಡೇ ಊರುಗಳಲ್ಲಿ ನಡೆಯುತ್ತಿದೆ. ಹಾಗಾಗಿ 2025ರಲ್ಲಿ ಸ್ಪೋಕೇನ್ 1, ಬರ್ಮಿಂಗ್‌ಹ್ಯಾಮ್ 2, ಬರ್ಮಿಂಗ್‌ಹ್ಯಾಮ್ 3, ಸ್ಪೋಕೇನ್ 4 ಎಂಬ ಹೆಸರುಗಳಿದ್ದವು. ಆ ಅಂಕಿ ಅಲ್ಲಿನ ಒಂದನೇ ಸೀಡ್ ತಂಡ ಇಡೀ ಟೂರ್ನಿಯಲ್ಲಿ ಎಷ್ಟನೆಯದು ಎಂಬುದರ ಗುರುತು. ಸ್ಪೋಕೇನ್ 1ರ ತುದಿಯಲ್ಲಿದ್ದ ಯುಸಿಎಲ್‌ಎ ಆ ವರ್ಷ ಒಟ್ಟಾರೆ ಮೊದಲ ತಂಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಪುರುಷರ ಮೊದಲೆರಡು ಸುತ್ತು ತಟಸ್ಥ ಊರುಗಳಲ್ಲಿ ನಡೆಯುತ್ತವೆ. ಮಹಿಳೆಯರಲ್ಲಿ ಪ್ರತಿ ವಿಭಾಗದ 1ರಿಂದ 4ನೇ ಸೀಡ್‌ವರೆಗಿನ ತಂಡಗಳು, ಅಂದರೆ ಒಟ್ಟು 16 ತಂಡಗಳು, ಈ ಸುತ್ತುಗಳನ್ನು ತಮ್ಮ ಅಂಗಳದಲ್ಲೇ ಆಡುತ್ತವೆ. ದಿನಾ ಅಭ್ಯಾಸ ಮಾಡುವ ಅದೇ ಕೋರ್ಟ್, ಸುತ್ತಲೂ ತಮ್ಮದೇ ಜನ, ಪ್ರಯಾಣದ ದಣಿವಿಲ್ಲ. ಆದ್ದರಿಂದ ಕಾಗದದ ಮೇಲೆ 4 ಮತ್ತು 5ನೇ ಸೀಡ್ ನಡುವೆ ಒಂದೇ ಅಂಕಿಯ ಅಂತರವಿದ್ದರೂ ಆಟದಲ್ಲಿ ಅದು ಬಹಳ ದೊಡ್ಡದು. ಎರಡನೇ ಸುತ್ತಿನಲ್ಲಿ 4-5 ಎದುರಾದರೆ 5ನೇ ಸೀಡ್ ಪರರ ಅಂಗಳದಲ್ಲಿ ಆಡುತ್ತಿರುತ್ತದೆ. ಆ ಸಾಲಿನಲ್ಲಿ 5ನ್ನು ಗೆಲ್ಲಿಸಬೇಕಾದರೆ ನಿಮ್ಮ ಬಳಿ ಗಟ್ಟಿ ಕಾರಣ ಇರಬೇಕು.

ಹಾಗೆಂದು ತವರು ಅಂಗಳ ಯಾವಾಗಲೂ ಕಾಯುತ್ತದೆಂದು ತಿಳಿಯಬೇಡಿ. 2022ರಲ್ಲಿ 2ನೇ ಸೀಡ್ ಅಯೋವಾ ತನ್ನ ಊರಲ್ಲೇ 10ನೇ ಸೀಡ್ ಕ್ರೈಟನ್‌ಗೆ 62-64ರಿಂದ ಸೋತಿತು. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಇಂಡಿಯಾನಾ ಎಂಬ ಎರಡು ಒಂದನೇ ಸೀಡ್ ತಂಡಗಳು ತವರಿನಲ್ಲೇ ಎರಡನೇ ಸುತ್ತಿಗೆ ಮನೆ ಸೇರಿದವು. ಗಮನಿಸಿ, ಈ ಮೂರೂ ಆಘಾತ ಬಂದದ್ದು ಎರಡನೇ ಸುತ್ತಿನಲ್ಲಿ. ಅಚ್ಚರಿಯ ಫಲಿತಾಂಶ ಬೇಕೇ ಬೇಕು ಅನಿಸಿದರೆ 14, 15ನೇ ಸೀಡ್‌ಗಳ ಮೇಲೆ ಅದನ್ನು ಪೋಲು ಮಾಡಬೇಡಿ. 7ರಿಂದ 10ರವರೆಗಿನ ತಂಡಗಳಲ್ಲಿ ದೂರದಿಂದ ಚೆನ್ನಾಗಿ ಗುರಿಯಿಡುವ ಒಂದನ್ನು ಹುಡುಕಿ. 3 ಪಾಯಿಂಟ್ ಎಸೆತಗಳು ಬೀಳತೊಡಗಿದ ದಿನ ಎಂಥ ತಂಡವೂ ತಡವರಿಸುತ್ತದೆ.

ತುಂಬುವ ಕೆಲಸವನ್ನು ಕೊನೆಯಿಂದ ಮೊದಲಿಗೆ ಮಾಡಿ. ಬಹುತೇಕ ಬ್ರಾಕೆಟ್ ಆಟಗಳಲ್ಲಿ ಸರಿಯಾದ ಊಹೆಯ ಅಂಕ ಸುತ್ತಿನಿಂದ ಸುತ್ತಿಗೆ ದುಪ್ಪಟ್ಟಾಗುತ್ತದೆ: 10, 20, 40, 80, 160, 320. ಚಾಂಪಿಯನ್ ಒಬ್ಬರನ್ನು ಸರಿಯಾಗಿ ಊಹಿಸಿದರೆ ಮೊದಲ ಸುತ್ತಿನ 32 ಪಂದ್ಯಗಳನ್ನೂ ಸರಿಯಾಗಿ ಹೇಳಿದಷ್ಟೇ ಅಂಕ. ಮೊದಲು ಚಾಂಪಿಯನ್ ಬರೆಯಿರಿ, ಆಮೇಲೆ ಫೈನಲ್ ಫೋರ್ (ಸೆಮಿಫೈನಲ್ ತಲುಪುವ ನಾಲ್ಕು ತಂಡಗಳು), ಆಮೇಲೆ ಹಿಂದಿನ ಸುತ್ತುಗಳು. 1982ರಿಂದ 2025ರವರೆಗೆ 3ಕ್ಕಿಂತ ಕೆಳಗಿನ ಯಾವ ಸೀಡ್ ಕೂಡ ಕಪ್ ಎತ್ತಿಲ್ಲ. ಈ ಅವಧಿಯಲ್ಲಿ ಫೈನಲ್ ಫೋರ್ ತಲುಪಿದ ಅತಿ ಕೆಳಗಿನ ತಂಡ 1998ರ ಅರ್ಕಾನ್ಸಾ, ಅದರ ಸೀಡ್ 9. ಪುರುಷರಲ್ಲಾದರೆ 11ನೇ ಸೀಡ್‌ಗಳು ಹಲವು ಸಲ ಅಲ್ಲಿಯವರೆಗೆ ಹೋಗಿವೆ.

ಈ ವ್ಯತ್ಯಾಸಕ್ಕೆ ತವರು ಅಂಗಳದ ಜೊತೆಗೆ ಇನ್ನೊಂದು ಕಾರಣವೂ ಇದೆ. ಪುರುಷ ಆಟಗಾರ ಒಂದೇ ವರ್ಷ ಕಾಲೇಜಿನಲ್ಲಾಡಿ ವೃತ್ತಿಪರ ಲೀಗ್ ಎನ್‌ಬಿಎಗೆ ಹಾರಬಹುದು. ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಅಮೆರಿಕದ ಆಟಗಾರ್ತಿಗೆ ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿದಿರಬೇಕು. ಹೀಗಾಗಿ ದೊಡ್ಡ ತಂಡಗಳಲ್ಲಿ ಪಳಗಿದವರೇ ತುಂಬಿರುತ್ತಾರೆ. ಆದರೆ 2021ರಿಂದ ಕಾಲೇಜು ಬದಲಿಸುವುದು ಸಲೀಸಾಗಿದೆ. ಹೋದ ವರ್ಷದ ತಾರೆ ಈ ವರ್ಷ ಬೇರೆ ಜೆರ್ಸಿಯಲ್ಲಿರಬಹುದು. ತಂಡದ ಹೆಸರು ನೋಡಿ ಗುರುತು ಹಾಕದೆ ಈ ಋತುವಿನ ಆಟಗಾರ್ತಿಯರ ಪಟ್ಟಿ ತೆರೆದು ನೋಡಿ.

ಗುರುವಾರ ರಾತ್ರಿ ಗಾಯಾಳುಗಳ ಸುದ್ದಿಯನ್ನೂ ಓದಿ. ಒಂದನೇ ಸೀಡ್ 16ನೇ ಸೀಡ್‌ಗೆ ಸೋತದ್ದು 2025ರವರೆಗೆ ಒಂದೇ ಸಲ. 1998ರಲ್ಲಿ ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡನ್ನು ಅದರ ಅಂಗಳದಲ್ಲೇ 71-67ರಿಂದ ಸೋಲಿಸಿತು. ಟೂರ್ನಿಗೆ ಮುಂಚೆಯೇ ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದರು, ಎಚ್ಚರದಿಂದ ಓದಿದವರಿಗೆ ಸುಳಿವು ಸಿಕ್ಕಿರುತ್ತಿತ್ತು. ಟೂರ್ನಿಯ ನಡುವೆ ಆಗುವ ಗಾಯಕ್ಕೆ ಮಾತ್ರ ಮದ್ದಿಲ್ಲ. 2025ರ ಎರಡನೇ ಸುತ್ತಿನಲ್ಲಿ ಯುಎಸ್‌ಸಿಯ ತಾರೆ ಜೂಜು ವಾಟ್ಕಿನ್ಸ್ ಮೊಣಕಾಲಿಗೆ ಗಾಯವಾಗಿ ಕುಸಿದಾಗ ಎಷ್ಟೋ ಬ್ರಾಕೆಟ್‌ಗಳೂ ಕುಸಿದವು.

ಹಳೆಯ ಅಂಕಿ-ಅಂಶ ಬಳಸುವವರಿಗೆ ಒಂದು ಮಾತು. ಮಹಿಳೆಯರ ಟೂರ್ನಿಯನ್ನು 1972ರಿಂದ 1982ರವರೆಗೆ ನಡೆಸಿದ್ದು ಎಐಎಡಬ್ಲ್ಯು ಎಂಬ ಮಹಿಳಾ ಕಾಲೇಜು ಕ್ರೀಡಾ ಸಂಸ್ಥೆ. ಎನ್‌ಸಿಎಎ ತನ್ನದನ್ನು ಶುರು ಮಾಡಿದ್ದು 1982ರಲ್ಲಿ, 32 ತಂಡಗಳೊಂದಿಗೆ. ಆ ಫೈನಲ್‌ನಲ್ಲಿ ಲೂಸಿಯಾನಾ ಟೆಕ್ ತಂಡ ಚೇನಿ ಸ್ಟೇಟ್ ತಂಡವನ್ನು 76-62ರಿಂದ ಮಣಿಸಿತು. 64 ತಂಡಗಳಾದದ್ದು 1994ರಲ್ಲಿ. ಆದ್ದರಿಂದ ಒಂದು ಸೀಡ್ ಎಷ್ಟು ಸಲ ಗೆದ್ದಿದೆ ಎಂದು ಎಣಿಸುವಾಗ 1994ರಿಂದಲೇ ಎಣಿಸಿ, ಅದಕ್ಕೂ ಹಿಂದಿನ ಬ್ರಾಕೆಟ್‌ನ ಅಳತೆಯೇ ಬೇರೆ. ಪುರುಷರಿಗೆ 2011ರಲ್ಲೇ 68 ತಂಡಗಳಿದ್ದವು, ಮಹಿಳೆಯರು ಅದಕ್ಕಾಗಿ 11 ವರ್ಷ ಕಾಯಬೇಕಾಯಿತು. ಅದೂ ತಾನಾಗಿ ಬಂದದ್ದಲ್ಲ. 2021ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರ ವ್ಯಾಯಾಮಕ್ಕೆಂದು ಇಟ್ಟಿದ್ದ ಡಂಬೆಲ್‌ಗಳ ಒಂದು ಪುಟ್ಟ ಸ್ಟ್ಯಾಂಡನ್ನು ಒರೆಗಾನ್ ತಂಡದ ಆಟಗಾರ್ತಿ ಸೆಡೋನಾ ಪ್ರಿನ್ಸ್ ವೀಡಿಯೊ ಮಾಡಿ ಜಗತ್ತಿಗೆ ತೋರಿಸಿದ ಮೇಲೆ ಪುರುಷರ ಮತ್ತು ಮಹಿಳೆಯರ ಟೂರ್ನಿಗಳ ನಡುವಿನ ತಾರತಮ್ಯದ ತನಿಖೆ ನಡೆಯಿತು. ಪುರುಷರ ಟೂರ್ನಿಯ ಜನಪ್ರಿಯ ಹೆಸರಾದ 'ಮಾರ್ಚ್ ಮ್ಯಾಡ್‌ನೆಸ್' ಅನ್ನು ಬಳಸುವ ಹಕ್ಕು ಕೂಡ ಮಹಿಳಾ ಟೂರ್ನಿಗೆ ದಕ್ಕಿದ್ದು 2022ರಲ್ಲಿ. ಗೆಲುವಿಗೆ ತಕ್ಕಂತೆ ಕಾನ್ಫರೆನ್ಸ್‌ಗಳಿಗೆ ಹಣ ಹಂಚುವ ಪದ್ಧತಿ ಬಂದದ್ದಂತೂ 2025ರಲ್ಲಿ, ಮೊದಲ ವರ್ಷ 1.5 ಕೋಟಿ ಡಾಲರ್. ಇಷ್ಟು ತಡವಾದದ್ದು ಅನ್ಯಾಯವೇ.

ವೀಕ್ಷಕರ ಸಂಖ್ಯೆ ಓದುವಾಗಲೂ ಎಚ್ಚರ ಬೇಕು. ಫೈನಲ್ ನೋಡಿದವರು 2022ರಲ್ಲಿ ಸುಮಾರು 48 ಲಕ್ಷ, 2023ರಲ್ಲಿ 99 ಲಕ್ಷ, 2024ರಲ್ಲಿ ಸುಮಾರು 1.89 ಕೋಟಿ, 2025ರಲ್ಲಿ ಸುಮಾರು 85 ಲಕ್ಷ. ಕೊನೆಯ ಎರಡನ್ನೇ ಹಿಡಿದು 'ಜನಪ್ರಿಯತೆ ಕುಸಿಯಿತು' ಎನ್ನುವುದು ತಪ್ಪು ಲೆಕ್ಕ. 2024 ಅಯೋವಾದ ತಾರೆ ಕೇಟ್ಲಿನ್ ಕ್ಲಾರ್ಕ್ ಕಾಲೇಜಿನಲ್ಲಾಡಿದ ಕೊನೆಯ ವರ್ಷ, ಆ ಫೈನಲ್ ಪುರುಷರ ಫೈನಲ್‌ಗಿಂತಲೂ ಹೆಚ್ಚು ಜನರನ್ನು ಸೆಳೆಯಿತು. 2023ರ ನೆಗೆತದ ಹಿಂದೆ ಫೈನಲ್ ಎಬಿಸಿಯಂಥ ಮನೆಮನೆಗೂ ಸಿಗುವ ಚಾನೆಲ್‌ಗೆ ಬಂದ ಕಾರಣವೂ ಇದೆ. 2025ನ್ನು 2022ರ ಪಕ್ಕದಲ್ಲಿಟ್ಟು ನೋಡಿ, ನಿಜವಾದ ಬೆಳವಣಿಗೆ ಕಾಣುತ್ತದೆ.

ಪಂದ್ಯ ನೋಡಲು ಕೂತಾಗ ನಿಯಮದ ಒಂದು ವ್ಯತ್ಯಾಸ ತಿಳಿದಿರಲಿ. ಮಹಿಳೆಯರದ್ದು 10 ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಮುಂದಿನ ಕ್ವಾರ್ಟರ್‌ಗೆ ಎಣಿಕೆ ಮತ್ತೆ ಸೊನ್ನೆಯಿಂದ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಸಮಯದ ಲೆಕ್ಕ: ಟೂರ್ನಿಯ ಹೊತ್ತಿಗೆ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಸರಿದಿರುತ್ತದೆ, ಹಾಗಾಗಿ ಪೂರ್ವ ಕರಾವಳಿಯ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿ, ಹತ್ತೂವರೆ ಅಲ್ಲ. ಅಲ್ಲಿ ಶುಕ್ರವಾರ ಸಂಜೆ 7ಕ್ಕೆ ಶುರುವಾಗುವ ಸೆಮಿಫೈನಲ್ ಇಲ್ಲಿ ಶನಿವಾರ ನಸುಕಿನ 4.30ಕ್ಕೆ. ಭಾನುವಾರ ಮಧ್ಯಾಹ್ನ 3ರ ಫೈನಲ್ ಇಲ್ಲಿ ಭಾನುವಾರ ರಾತ್ರಿ ಕಳೆದು 12.30ಕ್ಕೆ. ಫೋನಿನಲ್ಲಿ ಅಲಾರಂ ಇಡುವಾಗ ದಿನವನ್ನು ಸೋಮವಾರ ಎಂದು ಆರಿಸಿ.