ನೂರು ಟನ್ ಯಂತ್ರಕ್ಕೆ ನೆಲ ಸಿದ್ಧ ಮಾಡಿದ ಕತೆ

ಪುಣೆಯ ಭೋಸರಿಯಲ್ಲಿರುವ ನಮ್ಮ ಲ್ಯಾಬಿಗೆ 1000 ಕಿಲೋನ್ಯೂಟನ್ನಿನ, ಅಂದರೆ ಸುಮಾರು ನೂರು ಟನ್ ಬಲದ ಯುಟಿಎಂ (ಕಬ್ಬಿಣದ ಸರಳಿನಂಥವನ್ನು ಎಳೆದು ಅವುಗಳ ಗಟ್ಟಿತನ ಪರೀಕ್ಷಿಸುವ ಯಂತ್ರ) ಬರುವುದು ಖಾತ್ರಿಯಾದಾಗ ಎಲ್ಲರೂ ಕೇಳಿದ್ದು ಒಂದೇ ಮಾತು: "ಈ ನೆಲ ನೂರು ಟನ್ ತಡೆಯುತ್ತಾ?"

ನಿಜ ಹೇಳಬೇಕಂದ್ರೆ ಆ ನೂರು ಟನ್ ನೆಲದ ಮೇಲೆ ಬೀಳುವುದೇ ಇಲ್ಲ. ಸರಳನ್ನು ಎಳೆಯುವ ಬಲವನ್ನು ಯಂತ್ರದ ಕಂಬಗಳೇ ತಮ್ಮೊಳಗೆ ಹೊತ್ತುಕೊಳ್ಳುತ್ತವೆ. ನೆಲ ಹೊರಬೇಕಾದದ್ದು ಯಂತ್ರದ ತೂಕ, ನಮ್ಮದು ಸುಮಾರು ನಾಲ್ಕು ಟನ್. ಆದರೆ ಏಟಿನ ಲೆಕ್ಕ ಬೇರೆ. 32 ಎಂಎಂ ಟಿಎಂಟಿ ಸರಳು ಹೆಚ್ಚುಕಡಿಮೆ 50 ಟನ್ ಎಳೆತಕ್ಕೆ ಪಟ್ಟನೆ ಕಡಿಯುತ್ತದೆ. ಆಗ ಇಡೀ ಯಂತ್ರ ಅದುರುತ್ತದೆ. ಪಾಯ ಬೇಕಾಗುವುದು ಆ ಅದುರನ್ನು ಹಿಡಿದಿಡೋಕೆ.

ಡ್ರಾಯಿಂಗಿನಲ್ಲಿ ಎರಡು ಅಡಿ ಆಳ ಅಂತ ಇತ್ತು. ಅಷ್ಟು ಅಗೆದ ಮೇಲೂ ಕರಿ ಮಣ್ಣೇ ಇತ್ತು. ನಮ್ಮ ಗೌಂಡಿ ಇಂಡಿ ಕಡೆಯವರು. ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಹಿಸುಕಿ ತೋರಿಸಿದರು. "ಸಾಹೇಬ್ರ, ಇದು ನಮ್ಮೂರ ಎರಿ ಮಣ್ಣ ಇದ್ದಂಗ ಐತ್ರಿ. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಇದರ ಮ್ಯಾಲ ಮಷಿನ್ ನಿಲ್ಲಸಬ್ಯಾಡ್ರಿ." ಅವರ ಮಾತು ಕೇಳಿ ಇನ್ನೂ ಎರಡು ಅಡಿ ಅಗೆಸಿದೆ. ಗಟ್ಟಿ ಗರಸು ಸಿಕ್ಕಿತು, ಇಲ್ಲಿಯವರು ಮುರುಮ್ ಅನ್ನುತ್ತಾರೆ. ಅದರ ಮೇಲೆ ಸರಳಿನ ಜಾಲರಿ ಕಟ್ಟಿ ಎಂ25 ದರ್ಜೆಯ ಕಾಂಕ್ರೀಟ್ ಹಾಕಿಸಿದೆವು. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಇದೆ. ಅದರ ನಡುಕ ಒಳಗೆ ಬರಬಾರದು ಅಂತ ಪಾಯಕ್ಕೂ ನೆಲಕ್ಕೂ ನಡುವೆ ಸುತ್ತಲೂ ಥರ್ಮಾಕೋಲ್ ಇಟ್ಟು ಸಂದು ಬಿಟ್ಟೆವು.

ಕಾಂಕ್ರೀಟಿಗೆ ಮುಂಚೆ ಮಾಡಿದ ಒಂದು ಕೆಲಸ ನಮ್ಮನ್ನು ಉಳಿಸಿತು. ಬೋಲ್ಟ್ ಗುಂಡಿಗಳ ಅಳತೆಗೆ ಪ್ಲೈವುಡ್ ಹಲಗೆಯಲ್ಲಿ ತೂತು ಕೊರೆಸಿ, ಆ ಹಲಗೆಯನ್ನೇ ಯಂತ್ರ ತಯಾರಾಗುತ್ತಿದ್ದ ಕಾರ್ಖಾನೆಗೆ ಒಯ್ದು ಬೇಸಿನ ಮೇಲಿಟ್ಟೆ. ಎರಡು ತೂತು ಹೊಂದಲೇ ಇಲ್ಲ! ನಮಗೆ ಬಂದಿದ್ದದ್ದು ಹಳೇ ಮಾಡೆಲ್ಲಿನ ಡ್ರಾಯಿಂಗ್. ಬರೀ ಕಾಗದ ನಂಬಿದ್ದರೆ ಗಟ್ಟಿಯಾದ ಪಾಯವನ್ನು ಒಡೆಸಬೇಕಾಗುತ್ತಿತ್ತು.

ಆಮೇಲೆ ಗೋಣಿಚೀಲ ಹಾಸಿ ನೀರು ಹಾಕುತ್ತಾ ಕಾದೆವು. "ಹತ್ತು ದಿನ ಸಾಕಲ್ವಾ?" ಅಂತ ಮೇಲಿನವರು ದಿನಾ ಕೇಳುತ್ತಿದ್ದರು. ನಾನು 28 ದಿನಕ್ಕೆ ಒಂದು ದಿನ ಕಡಿಮೆ ಮಾಡಲಿಲ್ಲ. ಆ ಬಿಡುವಿನಲ್ಲೇ ತ್ರೀ ಫೇಸ್ ಲೈನ್, ಬೇರೆ ಅರ್ಥಿಂಗ್, ಬಾಗಿಲ ಅಗಲ ಎಲ್ಲ ಮುಗಿಸಿದೆವು. ಬಾಗಿಲು ಅಳೆಯುವಾಗ ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆ ಎಷ್ಟು ಕೆಳಗೆ ಇಳಿದಿದೆ ಅಂತಲೂ ನೋಡಿ. ಎತ್ತರ ತಿನ್ನುವುದು ಅದೇ.

ಯಂತ್ರವನ್ನು ಗುರುವಾರ ತರಿಸಿದೆ. ಭೋಸರಿಯಲ್ಲಿ ಕಾರ್ಖಾನೆಗಳಿಗೆ ಅವತ್ತು ವಾರದ ರಜೆ, ರಸ್ತೆ ಖಾಲಿ. ಹೈಡ್ರಾ ಕ್ರೇನ್ ಬಾಗಿಲವರೆಗೆ ತಂದಿಟ್ಟಿತು, ಒಳಗೆ ಪೈಪುಗಳ ಮೇಲೆ ಉರುಳಿಸಿದೆವು. ಲೆವೆಲ್ ಹೊಂದಿಸಿ, ಬೇಸಿನ ಅಡಿಯ ಸಂದಿಗೆ ಕುಗ್ಗದ ಗ್ರೌಟ್ (ತೆಳು ಗಾರೆ) ತುಂಬಿ, ಅದು ಗಟ್ಟಿಯಾದ ಮೇಲೇ ಬೋಲ್ಟ್ ಪೂರ್ತಿ ಬಿಗಿಸಿದ್ದು. ಕ್ಯಾಲಿಬ್ರೇಷನ್, ಅಂದರೆ ಯಂತ್ರ ತೋರಿಸುವ ಬಲ ಸರಿಯಿದೆಯೇ ಅಂತ ತಾಳೆ ನೋಡುವುದು, ಕೊನೆಗೆ. ಕಾರ್ಖಾನೆಯ ಸರ್ಟಿಫಿಕೇಟ್ ಇದ್ದರೂ, ಯಂತ್ರ ಕೂತ ಜಾಗದಲ್ಲೇ ಭಾರತೀಯ ಮಾನಕ ಐಎಸ್ 1828ರ ಪ್ರಕಾರ ಮತ್ತೆ ಆಗಲೇಬೇಕು.

ಜುಲೈ ಮಳೆ ಜೋರಾಗಿದ್ದಾಗ ಲೆವೆಲ್ ಮತ್ತೆ ಇಟ್ಟು ನೋಡಿದೆ. ಗುಳ್ಳೆ ನಡುವಿನಿಂದ ಕದಲಿರಲಿಲ್ಲ. ಅಲ್ಲೇ ನಿಂತು ಗೌಂಡಿಗೆ ಫೋನ್ ಮಾಡಿ ಹೇಳಿದೆ.